ನಂಜಪ್ಪನವರ ಆಕಾಶ

ಮಾತಾಡುವಾಗ ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯುವುದು ನಂಜಪ್ಪನವರ ಅಭ್ಯಾಸ. ಗೆರೆಯ ಈಚೆ ತಮ್ಮದು, ಆಚೆ ಬೇರೆಯವರದು. ಕುಂದಲಹಳ್ಳಿಯಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ನಾಲ್ಕು ಎಕರೆಯಲ್ಲಿ ಈಗ ಸಾಲು ಸಾಲು ಕಟ್ಟಡಗಳು. ಅವುಗಳಲ್ಲಿ ನಂಜಪ್ಪನವರದೊಂದು, ಅದರ ಎರಡನೇ ಮಹಡಿಯಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಅವರೆಕಾಯಿ ಕಾಲದಲ್ಲಿ ಅವರ ಮನೆಯ ಮೊದಲ ಸಾರು ನನ್ನ ಬಾಗಿಲಿಗೆ ಬರುತ್ತಿತ್ತು. ನನಗೆ ಡೆಂಗಿ ಬಂದಾಗ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರೂ ಅವರೇ. ಇದನ್ನು ಹೇಳದೆ ಮುಂದಿನದನ್ನು ಬರೆಯಲಾರೆ.

ಒಮ್ಮೆ ಪಕ್ಕದ ಸೈಟಿನವನು ಬಾಲ್ಕನಿಯನ್ನು ಒಂದಡಿ ಈಚೆಗೆ ಚಾಚಿ ಕಟ್ಟಿದ. ನಂಜಪ್ಪ ಅದರ ಅಂಚಿನಿಂದ ಗಾರೆಯವರ ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟರು. ಗುಂಡು ಇವರ ನೆಲಕ್ಕೆ ಬಂದು ನಿಂತಿತು.

“ನೋಡಪ್ಪಾ, ಕೆಳಗೆ ನನ್ ಖಾತೆ. ಅಂದ್ಮೇಲೆ ಮೇಲಕ್ಕೆ ಎಲ್ಲೀಗಂಟ ಓದ್ರೂ ನಂದೇ. ಒಡಿ ಅದನ್ನ.”

ಅವನು ಒಡೆದ. ಅಂದು ನಾನು ಮೆಚ್ಚಿ ನಕ್ಕಿದ್ದೆ.

ಕಳೆದ ವರ್ಷ ಅವರು ಪುಟ್ಟದೊಂದು ಡ್ರೋನ್ ತಂದರು. ಅಪ್ಪನ ಹೊಲವನ್ನು ಒಂದು ಸಲ ಮೇಲಿನಿಂದ ಪೂರ್ತಿ ನೋಡಬೇಕೆಂಬುದು ಆಸೆ. ಅವರ ಹಳೇ ಫೋನಿಗೆ ಅದು ಹೊಂದಲಿಲ್ಲ, ನನ್ನದಕ್ಕೆ ಜೋಡಿಸಿದೆವು. ತಾರಸಿಯ ಮೇಲೆ ನಿಂತು ನಾನು ಸರ್ಕಾರದ ಡ್ರೋನ್ ನಕ್ಷೆ ತೆರೆದೆ. ನಮ್ಮ ಬೀದಿಯೆಲ್ಲ ಕೆಂಪು.

“ಅಣ್ಣಾ, ಹಳೇ ಏರ್‌ಪೋರ್ಟ್ ಹತ್ರ ಇದೆ. ಪರ್ಮಿಷನ್ ಇಲ್ದೆ ಇಲ್ಲಿ ಹಾರಿಸೋ ಹಾಗಿಲ್ಲ.”

“ಅಂಗಡಿಯೋನು ಏಳವ್ನೆ ಕಣಮ್ಮ, ಇಷ್ಟು ಚಿಕ್ಕದಕ್ಕೆ ಲೈಸೆನ್ಸೇ ಬ್ಯಾಡ್ವಂತೆ.”

“ಲೈಸೆನ್ಸ್ ಬೇಡ, ನಿಜ. ಆದ್ರೆ ಕೆಂಪು ಜಾಗದಲ್ಲಿ ಚಿಕ್ಕದೂ ಹಾರಿಸ್ಬಾರ್ದು.”

“ನಾನೇನು ಏರ್‌ಪೋರ್ಟ್ ಮೇಲೆ ಆರುಸ್ತೀನಾ? ನನ್ ಸೈಟ್ ಮೇಲೆ ನೆಟ್ಟಗೆ ಮೇಲಕ್ಕೆ, ನೆಟ್ಟಗೆ ಕೆಳಕ್ಕೆ.” ಹೆಬ್ಬೆರಳು ತಾರಸಿಯ ಧೂಳಿನಲ್ಲಿ ಗೆರೆ ಎಳೆಯಿತು. “ಈ ಗೆರೆ ದಾಟಾಕಿಲ್ಲ. ಕೊಡಮ್ಮ ಫೋನು. ಓದಿದೋರಿಗೆ ಬಯ ಜಾಸ್ತಿ.”

ಕೊಟ್ಟೆ.

ಪರದೆಯಲ್ಲಿ ಮೊದಲು ನಮ್ಮ ನೀರಿನ ಟ್ಯಾಂಕು, ಆಮೇಲೆ ಬೀದಿ. “ಅಗೋ, ನಮ್ಮಪ್ಪನ ಬಾವಿ ಇದ್ದ ಜಾಗ! ಇನ್ನೊಸಿ ಮೇಲೋದ್ರೆ ನಾಕೂ ಮೂಲೆ ಕಾಣ್ತದೆ.” ಅವರ ಕಣ್ಣು ಒದ್ದೆಯಾಗಿತ್ತು. ನಾನೂ ನಕ್ಷೆ ಮರೆತು ಪರದೆಗೆ ಬಗ್ಗಿದೆ.

ಸದ್ದು ಕೇಳುವಷ್ಟರಲ್ಲಿ ಹೆಲಿಕಾಪ್ಟರ್ ಎದುರಿನ ಕಟ್ಟಡದ ಹಿಂದಿನಿಂದ ಬಂದಾಗಿತ್ತು. “ಇಳಿಸಿ ಅಣ್ಣಾ!” ಎಂದು ಕಿರುಚಿದೆ. ಗಾಬರಿಯಲ್ಲಿ ಅವರು ಡ್ರೋನನ್ನು ಮತ್ತಷ್ಟು ಮೇಲಕ್ಕೇ ಕಳಿಸಿದರು. ಹೆಲಿಕಾಪ್ಟರ್ ಒಂದು ಬದಿಗೆ ವಾಲಿತು. ಒಳಗಿದ್ದವನ ಹೆಲ್ಮೆಟ್ ನನಗೆ ಕಂಡಿತು. ಹೆಲಿಕಾಪ್ಟರ್ ಹೇಗೋ ಸಾವರಿಸಿಕೊಂಡು ಹೋಯಿತು. ಡ್ರೋನ್ ಗಾಳಿಗೆ ಗಿರಗಿರ ತಿರುಗಿ ಬೀದಿಗೆ ಬಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೂ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ ಇವತ್ತಿಗೂ ನನಗೆ ಆ ಹೆಲ್ಮೆಟ್ ಕಾಣುತ್ತದೆ. ಆ ನೆನಪಿನಲ್ಲಿ ಪ್ರತಿಸಲವೂ ಫೋನ್ ಕೊಡಬಾರದು ಅಂದುಕೊಳ್ಳುತ್ತೇನೆ. ಪ್ರತಿಸಲವೂ ಕೊಡುತ್ತೇನೆ.

ಮರುದಿನ ಬೆಳಿಗ್ಗೆ ಪೊಲೀಸರು ಮುರಿದ ಡ್ರೋನನ್ನು ಚೀಲದಲ್ಲಿ ಹಿಡಿದು ಬಂದರು.

“ಯಾರ್ರೀ ಹಾರ್ಸಿದ್ದು ಇದನ್ನ?”

ನಂಜಪ್ಪ ನನ್ನ ಕಡೆ ನೋಡಲಿಲ್ಲ. “ನಮ್ ಬಾಡಿಗೆ ಮೇಡಂ ಸಾರ್. ಅವ್ರ ಫೋನ್ನಾಗೇ ಐತೆ, ನೋಡ್ಕಳಿ. ನಾನು ತಾರಸಿಗೆ ಬಟ್ಟೆ ಎತ್ಕಳಕ್ಕೆ ಓಗಿದ್ದೆ.”

ಆರು ವರ್ಷದಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಹಾರಿಸಿದ್ದು ಅವರೇ ಎಂದು ನಾನು ಹೇಳಿದ್ದನ್ನೂ ಪೊಲೀಸರು ಬರೆದುಕೊಂಡರು. ಆದರೆ ಫೋನ್ ನನ್ನದು, ಅದರಲ್ಲಿ ನಾನು ತೆರೆದು ನೋಡಿದ್ದ ಕೆಂಪು ನಕ್ಷೆಯೂ ಇತ್ತು. ಗೊತ್ತಿದ್ದೂ ಹಾರಿಸಿದ್ದಾಳೆ ಎಂದಾಯಿತು. ಕೇಸ್ ಇನ್ನೂ ನಡೆಯುತ್ತಿದೆ.

ಮನೆ ಖಾಲಿ ಮಾಡಿದ ದಿನ, ಸಾಮಾನು ತುಂಬಿದ ಗಾಡಿಯ ಹತ್ತಿರ ಅವರು ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಸೀಟಿನ ಮೇಲಿಟ್ಟರು. ಕ್ಷಮೆ ಕೇಳುತ್ತಾರೇನೋ ಎಂದು ಕಾದೆ. ಹೆಬ್ಬೆರಳು ಮಣ್ಣಿನಲ್ಲಿ ಆಡುತ್ತಿತ್ತು.

“ಅಮ್ಮಾ, ಆ ವಿಡಿಯೋ ಐತಾ? ನಮ್ಮಪ್ಪನ ಒಲದ್ದು?”

“ಫೋನ್ ಸ್ಟೇಷನ್ನಲ್ಲಿದೆ ಅಣ್ಣಾ.”

“ಅಂಗಾ?” ಸೀಟಿನ ಮೇಲಿದ್ದ ಚೀಲವನ್ನು ಒಳಕ್ಕೆ ಸರಿಸಿದರು. “ಆಗ್ಲಿ ಬುಡಮ್ಮ. ಅವ್ರು ವಾಪಸ್ ಕೊಟ್ಟಾಗ ಕಳ್ಸು.”