ಅಂಬುಬಾಯಿಯ ಗಲ್ಲ

ಸೇಡಂನ ಅಂಬುಬಾಯಿ ಆಲೂಗಡ್ಡೆ ಗಿಡಗಳಿಗೆ ಮುದ್ದು ಕೊಡುತ್ತಾಳೆಂಬ ಸುದ್ದಿ ಚಿತ್ತಾಪುರ ಮುಟ್ಟುವಷ್ಟರಲ್ಲಿ, ಗಿಡಗಳೇ ಬಾಗಿ ಆಕೆಗೆ ಮುದ್ದು ಕೊಡುತ್ತವೆ ಎಂದಾಗಿತ್ತು. ವಾಡಿಯಲ್ಲಿ ರೈಲು ಬದಲಿಸಿದ ಮೇಲೆ ಅದಕ್ಕೆ ಮಂತ್ರವೂ ಸೇರಿತು: ಆಕೆ ಎಲೆಯ ಕಿವಿಯಲ್ಲಿ ಊದಿದರೆ ಹುಳಗಳು ಹೆಂಡಿರು ಮಕ್ಕಳ ಸಮೇತ ಶಹಾಬಾದಿಗೆ ಗುಳೆ ಹೋಗುತ್ತವಂತೆ. ಶಹಾಬಾದಿನವರು ಇದನ್ನು ನಂಬಿ ತಮ್ಮ ಬದನೆಗಿಡಗಳಿಗೆ ಕಾವಲು ಕೂತರು.

ಕಂಡದ್ದು ಇಷ್ಟೆ. ಬೆಳಗಾದರೆ ಅಂಬುಬಾಯಿ ಮಂಡಿಯೂರಿ ಒಂದೊಂದು ಎಲೆಗೂ ಗಲ್ಲ ತಿಕ್ಕುವಳು; ಕೆಲವು ಗಿಡ ಉಳಿಸುವಳು, ಬಹಳಷ್ಟನ್ನು ಕಿತ್ತೆಸೆಯುವಳು. ಆ ಗಲ್ಲ ಗಂಡ ಸಾಬಣ್ಣನಿಗೂ ಅಷ್ಟು ಸಲೀಸಾಗಿ ಸಿಕ್ಕಿರಲಿಲ್ಲ. ಅದು ಅವನ ಖಾಸಗಿ ದುಃಖ.

ಹರಗೋಲು ನಡೆಸುವ ಮನೆ ಅದು. ಕಾಗಿಣಾ ನದಿ ಇಳಿದ ಮೇಲೆ ಮೇಲೇಳುವ ಉಸುಕಿನ ಪಟ್ಟಿಯಲ್ಲಿ ಚಳಿಗಾಲದ ಆಲೂಗಡ್ಡೆ ಬೆಳೆ. ಪಟ್ಟಿ ಜಹಗೀರದಾರರದು, ಹಂಚುವವನು ಅವರ ಮುನ್ಶಿ ಮಜೀದಸಾಬ.

ಒಂದು ವರ್ಷ ಹುಳ ಬಿದ್ದು ಎಲ್ಲ ಹೋಯಿತು. ಬೇಲಿಯ ಬದಿಗೆ, ಹೂವು ಕಟ್ಟಿ ಉದುರಿದ ಕಾಯಿಯಿಂದ ತಾನೇ ಹುಟ್ಟಿದ್ದ ಒಂದು ಗಿಡ ಮಾತ್ರ ಹಸಿರಾಗಿತ್ತು. ಅದರ ಎಲೆಯ ಮೇಲೆ ಅಂಟಂಟು ನವಿರು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರೋಮ. ಅದರಲ್ಲಿ ಸಿಕ್ಕ ಹುಳ ಬೆಲ್ಲದ ಪಾಕದ ನೊಣದಂತೆ ಸತ್ತಿತ್ತು. ಅಂಬುಬಾಯಿ ನೋಡಿದ್ದೇ ತಡ, ಸಾಬಣ್ಣ ಭಕ್ತಿಯಿಂದ ಆ ಗಿಡವನ್ನೇ ಅಗೆದು ನದಿಗೆ ಬಿಟ್ಟು ಬಂದ. ಮೊದಲ ಬೆಳೆಯ ಅತ್ಯುತ್ತಮವಾದದ್ದು ನದಿತಾಯಿ ಗಂಗವ್ವನಿಗೆ. ಅದು ಮನೆತನದ ರೂಢಿ.

ಬೇಲಿಯಡಿ ಆ ಗಿಡದ ಒಂದು ಹಸಿರು ಕಾಯಿ ಬಿದ್ದಿತ್ತು, ಪುಣ್ಯ. ಅಂಬುಬಾಯಿ ಹಾಕಿದ ಅದರ ಬೀಜ ಒಡೆದ ಗಡಿಗೆಗಳಲ್ಲಿ ಮೊಳೆಯಿತು. ತಾಯಿಯನ್ನು ಹೋಲುವವು ಕೆಲವು, ಹೋಲದವು ಹಲವು. ಹೋಲದವನ್ನು ಕೀಳುತ್ತ, ಉಳಿದವುಗಳ ಬೀಜ ಮತ್ತೆ ಹಾಕುತ್ತ ಕೆಲವು ಚಳಿಗಾಲ ಕಳೆದವು. ಗಡ್ಡೆಗಳೋ ಗೋಲಿಗಿಂತ ಸ್ವಲ್ಪ ದೊಡ್ಡವು, ಮೋರೆ ಸೊಟ್ಟ. ಪಟ್ಟಿಯಲ್ಲಿ ಮಾತ್ರ ಪ್ರತಿವರ್ಷವೂ ಹುಳದ್ದೇ ಸುಗ್ಗಿ.

ಕೊನೆಗೆ ಮಜೀದಸಾಬ ಹೈದರಾಬಾದಿನ ದಪ್ಪ ಬಿತ್ತನೆಗಡ್ಡೆಯ ಚೀಲ ಇಳಿಸಿದ. "ಇವ ಹಚ್ಚು. ಈ ಸಲನೂ ಬೆಳಿ ಹೋತಂದ್ರ ಪಟ್ಟಿ ಬ್ಯಾರೆಯವ್ರಿಗೆ."

ಅವನು ಅತ್ತ ಹೋದೊಡನೆ ಅಂಬುಬಾಯಿ ಚೀಲ ಹೊತ್ತು ನದಿಗೆ ನಡೆದಳು.

"ಏ ಹುಚ್ಚಿ, ಏನ್ ಮಾಡಾಕತ್ತಿ?" ಸಾಬಣ್ಣ ಹಿಂದೆ ಓಡಿದ.

"ಚಲೋವು ಗಂಗವ್ವಗ ಅಂತೀರಲ್ಲ. ಇವಕಿಂತ ಚಲೋವು ಎಲ್ಲವ?"

"ಮತ್ತ ಹಚ್ಚೋದೇನು?"

"ಸೊಟ್ಟ ಮೋರೆವು. ಗಂಗವ್ವ ಉಣ್ಣಾಕ ಕೇಳ್ಯಾಳ, ಬಿತ್ತಾಕ ಕೇಳಿಲ್ಲ."

"ಮುನ್ಶಿ ಕೇಳಿದ್ರ?"

"ನದ್ಯಾಗ ಇಳದು ಹುಡಿಕ್ಕೋ ಅನ್ರಿ," ಎಂದು ಚೀಲ ನೀರಿಗೆ ಸುರಿದಳು.

ಪುಷ್ಯ ಮಾಸದಲ್ಲಿ ಹುಳ ದಂಡೆತ್ತಿ ಬಂತು. ನೆರೆಯ ಪಟ್ಟಿಗಳ ಎಲೆ ಜರಡಿಯಾಯಿತು. ಅಂಬುಬಾಯಿಯ ಗಡಿಯಲ್ಲಿ ಆ ಮಹಾಸೈನ್ಯ ಕಾಲು ಅಂಟಿಸಿಕೊಂಡು ನಿಂತಿತು, ನಿಂತಲ್ಲೇ ವೀರಮರಣ ಪಡೆಯಿತು. ಸಾಬಣ್ಣ ಆ ದಿನವೆಲ್ಲ ದಂಡೆಯ ಮೇಲೆ ಮೀಸೆ ತಿರುವುತ್ತ ಓಡಾಡಿದ, ಗೆದ್ದವನು ತಾನೇ ಎಂಬಂತೆ.

ಮಜೀದಸಾಬ ಬಂದು ಎಲೆ ತಿರುವಿ ಅಂಟಿದ ಹುಳ ನೋಡಿದ. ತನ್ನ ಚೀಲ ಎಲ್ಲಿ ಹೋಯಿತೆಂದು ಕೇಳಲಿಲ್ಲ.

"ಪಟ್ಟಿ ನಿಂದೇ ಇರ್ಲಿ, ಅಂಬುಬಾಯಿ. ಆದ್ರ ಖರೆ ಹೇಳು, ಆ ಗಲ್ಲದಾಗ ಏನ್ ಕರಾಮತ್ ಅದ?"

ಅಂಬುಬಾಯಿ ಎರಡೂ ಅಂಗೈ ಚಾಚಿದಳು. "ಏನಿಲ್ರಿ ಸಾಬ್ರ. ಹರಗೋಲಿಗೆ ಹುಟ್ಟು ಹಾಕಿ ಹಾಕಿ ಕೈ ದಡ್ಡುಗಟ್ಟ್ಯಾವ, ಎಲಿ ಮ್ಯಾಲಿನ ನವಿರು ತಿಳಿಯಂಗಿಲ್ಲ. ಗಲ್ಲಕ್ಕ ತಿಳೀತದ."