ಅಣ್ಣನ ಅಳತೆಯ ಪಟ್ಟಿ

ಟಣ್... ಟಣ್... ಗಾಳಿ ಎದ್ದಾಗಲೆಲ್ಲ ದಡದ ಹಾಯಿದೋಣಿಗಳ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಹೊಲಿಗೆ ಕೋಣೆಯ ಕಿಟಕಿಗೆ ಬರುತ್ತದೆ. ಕೆರೆಯಂಚಿನ ಬೀದಿಯ ಬೇರೆಯವರು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸೂಜಿಗೆ ಮಾತ್ರ ಹೋದ ಬೇಸಿಗೆಯಿಂದ ಅದು ಯಾರೋ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ.

ಅವಳಿಗೆ ಸೂಜಿ ಎಂದು ಹೆಸರಿಟ್ಟವನು ಅಣ್ಣ. ಕಡ್ಡಿಯಂಥ ಮೈ, ಚುಚ್ಚುವ ಮಾತು, ಸಾಲದ್ದಕ್ಕೆ ಹೊಲಿಗೆ ಕೆಲಸ. ಹರಿದ ಹಾಯಿಗಳೆಲ್ಲ ಅವಳ ಮೆಷಿನ್ನಿನ ಕೆಳಗೇ ಹಾದುಹೋಗಬೇಕು. ಬಿಡುವಾದರೆ ಶಾಲೆ ಮಕ್ಕಳ ಚೀಲದ ಜಿಪ್ಪು. ಪ್ರತಿ ಬೇಸಿಗೆಯ ಒಂದು ಶನಿವಾರ, ಭಾನುವಾರ ಅಣ್ಣ, ಅವನ ಗೆಳೆಯರಾದ ಮೇಷ್ಟ್ರು ಮತ್ತು ಬಡಗಿ, ಜೊತೆಗೆ ಅವಳು, ಒಂದೇ ದೋಣಿಯಲ್ಲಿ ನೀರಿಗಿಳಿಯುವುದು ವಾಡಿಕೆ. ಹೋದ ಸಲ ಮೇಷ್ಟ್ರ ಟೋಪಿ ಗಾಳಿಗೆ ಹಾರಿತು. ತರುತ್ತೇನೆಂದು ಅಣ್ಣ ನಗುತ್ತಲೇ ನೀರಿಗೆ ಧುಮುಕಿದ. ಟೋಪಿ ಸಿಕ್ಕಿತು, ಅಣ್ಣ ಸಿಗಲಿಲ್ಲ.

ಈ ಶನಿವಾರ ಮೇಷ್ಟ್ರು ತಮ್ಮ ಅಳಿಯನನ್ನು ಕರೆತಂದಿದ್ದರು.

"ಆ ಜಾಗ ಖಾಲಿ ಬಿಟ್ರೆ ದೋಣಿ ವಾಲುತ್ತಮ್ಮ. ಭಾರ ಬೇಕಲ್ಲ," ಎಂದರು.

"ಭಾರಕ್ಕೇನು ಕೊರತೆ? ಮಾವನ ಮನೆ ಊಟ!" ಬಡಗಿ ಅಳಿಯನ ಹೊಟ್ಟೆ ತಟ್ಟಿದ.

"ಅಣ್ಣನ ಜಾಗದಲ್ಲಿ ಯಾರೂ ಕೂರಬಾರ್ದು," ಎಂದಳು ಸೂಜಿ.

ನಗು ಅಲ್ಲಿಗೇ ನಿಂತಿತು. ಅಳಿಯ ದಡದಲ್ಲೇ ಉಳಿದ, ಮೂವರೇ ಹೊರಟರು.

ನಡುಗೆರೆಯಲ್ಲಿ ಗಾಳಿ ಹಠಾತ್ತನೆ ತಿರುಗಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಅಂಚಿನಿಂದ ನೀರು ಒಳನುಗ್ಗಿತು.

"ಅಲ್ಲಿಗೆ ಹೋಗೇ ಸೂಜಿ!" ಚುಕ್ಕಾಣಿ ಹಿಡಿದಿದ್ದ ಮೇಷ್ಟ್ರು ಕೂಗಿದರು.

ಬೇರೆ ದಾರಿ ಇರಲಿಲ್ಲ. ಅಣ್ಣನ ಜಾಗಕ್ಕೆ ಜಾರಿದಳು. ದೋಣಿ ವಾಲದ ಹಾಗೆ ಪಾದ ಸಿಕ್ಕಿಸಿಕೊಂಡು ಮೈಯನ್ನು ದೋಣಿಯಾಚೆಗೆ ಚಾಚಲೆಂದು ಅಲ್ಲೊಂದು ದಪ್ಪ ಬಟ್ಟೆಯ ಪಟ್ಟಿ ಇತ್ತು. ಅಣ್ಣನ ಉದ್ದ ಕಾಲಿನ ಅಳತೆಗೆ ಅವಳೇ ಹೊಲಿದದ್ದು. ಅವಳ ಗಿಡ್ಡ ಕಾಲಿಗೆ ಅದು ಜೋಲುತ್ತದೆ. ಕಣ್ಣು ಮುಚ್ಚಿ ನೀರಿನ ಮೇಲೆ ಹಿಂದಕ್ಕೆ ವಾಲಿದಳು.

ಪಟ್ಟಿ ಬಿಗಿಯಾಗಿತ್ತು. ಅವಳ ಪಾದಗಳ ಪಕ್ಕದಲ್ಲೇ ಇನ್ನೆರಡು ಪಾದಗಳು ಅದನ್ನು ಎಳೆದು ಹಿಡಿದಂತೆ ಬಿಗಿಯಾಗಿತ್ತು. ದೋಣಿ ಮೆಲ್ಲನೆ ನೆಟ್ಟಗಾಯಿತು.

ದಡ ಸೇರಿದ ಮೇಲೆ ಎಳೆದು ನೋಡಿದಳು. ಎಂದಿನಂತೆ ಸಡಿಲ.

"ನೀನೇನಾದ್ರೂ ಬಿಗಿ ಮಾಡಿದ್ಯಾ?" ಬಡಗಿಯನ್ನು ಕೇಳಿದಳು.

"ಅದನ್ನ ಮುಟ್ಟೋ ಧೈರ್ಯ ಯಾರಿಗಿದೆ, ತಾಯಿ?" ಎಂದ ಬಡಗಿ.

ಭಾನುವಾರ ಬೆಳಿಗ್ಗೆ ಅಳಿಯ ತಾನಾಗೇ ಬಂದು ದೋಣಿ ಹತ್ತಿದ. ಕಾಲು ಸಿಕ್ಕಿಸಿ ನೋಡಿ ಮುಖ ಸಣ್ಣದು ಮಾಡಿಕೊಂಡ.

"ಅಕ್ಕಾ, ಇದು ನನಗೆ ಸಡಿಲ. ಮಡಚಿ ಎರಡು ಹೊಲಿಗೆ ಹಾಕಿಕೊಡ್ತೀರಾ?"

ಮೇಷ್ಟ್ರು ತಗ್ಗಿದ ದನಿಯಲ್ಲಿ, "ಹಾಕಿಕೊಡಮ್ಮ. ಎಷ್ಟು ದಿನ ಅಂತ ಕಾಯ್ತೀಯ?" ಎಂದರು.

ಸೂಜಿ ದಾರ ಪೋಣಿಸಿ ಪಟ್ಟಿಯನ್ನು ಮಡಚಿದಳು. ಒಂದು ಹೊಲಿಗೆ ಬಿದ್ದರೆ ಆ ಉದ್ದ ಕಾಲುಗಳಿಗೆ ಈ ದೋಣಿಯಲ್ಲಿ ಇನ್ನು ಎಡೆಯಿಲ್ಲ. ಬಟ್ಟೆಗೆ ತಾಗಿದ ಸೂಜಿಮೊನೆ ಒಳಗಿಳಿಯಲಿಲ್ಲ. ಹಲ್ಲಿನಲ್ಲಿ ದಾರ ಕಡಿದು ಎದ್ದಳು.

"ನೀವು ನನ್ನ ಜಾಗದಲ್ಲಿ ಕೂತ್ಕೊಳ್ಳಿ. ಇಲ್ಲಿ ನಾನಿರ್ತೀನಿ."

"ನಿನಗೆ ಇನ್ನೂ ಸಡಿಲ ಕಣೇ! ಬಿದ್ದುಗಿದ್ದರೆ?" ಬಡಗಿ ಗಾಬರಿಯಾದ.

"ಬೀಳಲ್ಲ. ಅದು ಸಡಿಲ ಇರೋದು ದಡದಲ್ಲಿ ಮಾತ್ರ. ನೀರಿಗೆ ಇಳಿದ ಮೇಲೆ ಅಣ್ಣ..." ಎನ್ನುತ್ತಲೇ ಸೂಜಿ ದೋಣಿಯ ಹಗ್ಗ ಹಿಡಿದೆಳೆಯುತ್ತ, ಯಾರ ಮುಖವನ್ನೂ ನೋಡದೆ, ಮೊಣಕಾಲುದ್ದದ ನೀರಿಗೆ ನಡೆದುಬಿಟ್ಟಳು.