ಕಾರ್ಡಿಗೆ ಸಾಲದ ತಲೆನೋವು

ಪೀಣ್ಯದ ಕಾರ್ಖಾನೆಯೊಂದಕ್ಕೆ ತೂಕದ ಯಂತ್ರಗಳ ಪರೀಕ್ಷೆಗೆ ಹೋಗಿದ್ದೆ. ತಲೆ ಸಿಡಿಯುತ್ತಿತ್ತು, ಪರದೆಯ ಅಂಕಿಗಳೇ ಕಾಣುತ್ತಿರಲಿಲ್ಲ. ಫೋನಿನ ಚಾರ್ಜ್ ಮುಗಿದಿತ್ತು, ಜೇಬಿನಲ್ಲಿದ್ದದ್ದು ಕಾರ್ಡೊಂದೇ. ಎದುರಿನ ಮೆಡಿಕಲ್ ಶಾಪಿನಲ್ಲಿ ತಲೆನೋವಿನ ಮಾತ್ರೆ ಕೇಳಿದೆ.

"ಇನ್ನೂರರ ಕೆಳಗೆ ಕಾರ್ಡ್ ತಗೊಳ್ಳಲ್ಲ ಸಾರ್. ಜೊತೆಗೆ ಕೆಮ್ಮಿನ ಸಿರಪ್ ಹಾಕ್ಲಾ?" ಅಂದ ಅಂಗಡಿಯವನು.

"ನನಗೆ ಕೆಮ್ಮಿಲ್ಲ."

"ಬರುತ್ತೆ ಸಾರ್, ಪೀಣ್ಯ ಇದು."

ಪಕ್ಕದಲ್ಲಿ ಮಗುವಿನ ಡೈಪರ್ ಕೊಳ್ಳುತ್ತಿದ್ದ ಹೆಂಗಸು ನನ್ನ ಮುಖ ನೋಡಿದರು. "ಅಣ್ಣ, ನಂದೂ ಸೇರಿಸಿ ಕಾರ್ಡ್ ಉಜ್ಜಿ. ನನ್ನ ದುಡ್ಡು ನಿಮಗೇ ಕೊಡ್ತೀನಿ."

ಹಾಗೇ ಮಾಡಿದೆವು. ಅವರು ಕೊಟ್ಟ ನೋಟುಗಳನ್ನು ನಾನು ಜೇಬಿಗಿಡುವುದನ್ನೇ ಅಂಗಡಿಯವನು ನೋಡುತ್ತಿದ್ದ.

"ಕ್ಯಾಶ್ ಇಟ್ಕೊಂಡು ಸುಮ್ನೆ ಯಾಕ್ ಸಾರ್ ಇಷ್ಟೆಲ್ಲಾ?"

ಒಂದು ಮಾತ್ರೆ ಸಾಕೆಂದುಕೊಂಡಿದ್ದೆ. ಅಲ್ಲೇ ಎರಡು ನುಂಗಿದೆ.